ಘಟ್ಟದಲ್ಲಿ ನಿಲ್ಲುವ ಹಳೆಯ ಕಾರನ್ನು ಗ್ಯಾರೇಜಿಗೆ ಬಿಡುವ ಮುನ್ನ ಇದನ್ನು ಓದಿ

ಉತ್ತರ ಕನ್ನಡದಲ್ಲಿ ಇನ್ನೂ ಪದ್ಮಿನಿ, ಅಂಬಾಸಿಡರ್ ಓಡಿಸುತ್ತಿರುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸರಾಗವಾಗಿ ಸ್ಟಾರ್ಟ್ ಆಗುವ ಎಂಜಿನ್ನನ್ನು ನೋಡಿ ‘ಬೋರಿಂಗ್ ಮಾಡಿಸಬೇಕು’ (ಎಂಜಿನ್ ಇಳಿಸಿ, ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡುವ ದೊಡ್ಡ ಕೆಲಸ) ಎನ್ನುವವನ ಕೈಗೆ ಕೀಲಿ ಕೊಡಬೇಡಿ. ನನಗೆ ಹಾಗೆ ಹೇಳಿದವನು ಕರಾವಳಿ ಹೆದ್ದಾರಿಯ ಪಕ್ಕದ ಗ್ಯಾರೇಜಿನವನು. ಹೆಸರು ಬರೆಯುವುದಿಲ್ಲ, ಆದರೆ ಅವನ ಮಾತುಗಳನ್ನು ಬರೆಯುತ್ತೇನೆ, ಏಕೆಂದರೆ ಇಂಥ ಮಾತುಗಳನ್ನು ನೀವೂ ಕೇಳುವಿರಿ.

ನಮ್ಮದು ತಂದೆಯವರು ಕೊಂಡ 1984ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸೋಲೆಕ್ಸ್ ಕಾರ್ಬುರೇಟರ್. ಕುಮಟಾ ಪೇಟೆಯಲ್ಲಿ ಎಷ್ಟು ಓಡಿಸಿದರೂ ತಕರಾರಿಲ್ಲ. ಕತಗಾಲ ದಾಟಿ ದೇವಿಮನೆ ಘಟ್ಟ ಏರತೊಡಗಿದರೆ ಮಾತ್ರ ಅರ್ಧ ದಾರಿಯಲ್ಲಿ ಮಿಸ್ಸಿಂಗ್ ಶುರುವಾಗಿ, ಎಳೆತ ಕಳೆದುಕೊಂಡು, ತಿರುವಿನಲ್ಲೇ ನಿಂತುಬಿಡುತ್ತಿತ್ತು. ಬಾನೆಟ್ ತೆರೆದು ಸ್ವಲ್ಪ ಹೊತ್ತು ಕಾದರೆ ಏನೂ ಆಗಿಲ್ಲವೆಂಬಂತೆ ಹೊರಟು ಶಿರಸಿ ಮುಟ್ಟಿಸುತ್ತಿತ್ತು. ಹಿಂದೆ ಬಸ್ಸು, ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿರುವಾಗ, ಮದುವೆಗೆಂದು ಸೀರೆ ಉಟ್ಟು ಹೊರಟ ಮನೆಯವರನ್ನು ರಸ್ತೆ ಬದಿ ಇಳಿಸಿ ನಿಲ್ಲುವುದು ಎಂಥ ಅವಮಾನವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗ್ಯಾರೇಜಿನವನು ಮೊದಲು ಪೆಟ್ರೋಲನ್ನು ದೂರಿದ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದೆ, ಅದು ಹಳೆಯ ರಬ್ಬರ್ ಪೈಪನ್ನೂ ಪೆಟ್ರೋಲನ್ನು ಕಾರ್ಬುರೇಟರಿಗೆ ತಳ್ಳುವ ಪಂಪಿನೊಳಗಿನ ಪೊರೆಯನ್ನೂ (ಡಯಾಫ್ರಮ್) ತಿನ್ನುತ್ತದೆ, ಎಂಜಿನ್ನಿಗೆ ಅಂಟಿಕೊಂಡಿರುವ ಪಂಪ್ ಕಾದಾಗ ಪೆಟ್ರೋಲ್ ಒಳಗೇ ಆವಿಯಾಗುತ್ತದೆ ಎಂದ. ಇದರಲ್ಲಿ ಸುಳ್ಳೇನೂ ಇಲ್ಲ, ಅವನ ಜಾಣತನ ಇದ್ದದ್ದೂ ಅಲ್ಲಿಯೇ. ಕಾರು ನಿಂತಾಗ ಪಂಪನ್ನು ತಣ್ಣಗಾಗಿಸಲು ಅದಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡಿದ್ದೇನೆ, ಏನೂ ವ್ಯತ್ಯಾಸವಾಗಲಿಲ್ಲ ಎಂದು ನಾನು ಹೇಳಿದರೆ, “ಒದ್ದೆ ಬಟ್ಟೆ ಹಾಕೂಕೆ ಅದೆಂತ ಜ್ವರ ಬಂದ ಮಗುವಾ ಭಟ್ರೆ?” ಎಂದು ಹುಡುಗರೆದುರು ನಕ್ಕ. ಕಾರ್ಬುರೇಟರನ್ನೇ ಬದಲಿಸಬೇಕೆಂದ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿದದ್ದನ್ನು ನೆನಪಿಸಿ, ಇನ್ನು ಸಾಮಾನು ಸಿಗುವುದೇ ಕಷ್ಟ, ತನಗೆ ಅಲ್ಲಿ ಪರಿಚಯದವರಿದ್ದಾರೆ ಎಂದು ಹೇಳಿ ಒಂಬತ್ತು ಸಾವಿರ ರೂಪಾಯಿ ಮುಂಗಡ ಪಡೆದ.

ಹೊಸ ಕಾರ್ಬುರೇಟರ್ ಹಾಕಿದ್ದೇನೆಂದು ಕೊಟ್ಟ ಕಾರು ಅದೇ ಘಟ್ಟದಲ್ಲಿ ಹಾಗೆಯೇ ನಿಂತಿತು. ಆಗ ಅವನು ಬೋರಿಂಗ್ ಮಾತೆತ್ತಿದ: ಎಂಜಿನ್ ಇಳಿಸಬೇಕು, ಪಿಸ್ಟನ್ ರಿಂಗ್ ಹೋಗಿದೆ, ಎಪ್ಪತ್ತು ಸಾವಿರದೊಳಗೆ ಮುಗಿಸಿಕೊಡುತ್ತೇನೆ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿರಲಿಲ್ಲ, ಪ್ಲಗ್ ಕೂಡ ಬಿಚ್ಚಿರಲಿಲ್ಲ. ರಿಂಗ್ ಸವೆದ ಎಂಜಿನ್ ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಬೆಳಿಗ್ಗೆ ತಣ್ಣಗಿರುವಾಗಲೇ ಸತಾಯಿಸುತ್ತದೆ. ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತ ಮಾತ್ರಕ್ಕೆ ಸವೆದ ರಿಂಗ್ ಮತ್ತೆ ಬೆಳೆಯುತ್ತದೆಯೇ? ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: “ಮೆಕ್ಯಾನಿಕ್ ನೀವಾ, ನಾನಾ?”

ಶಿರಸಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಜೀಪು, ಅಂಬಾಸಿಡರ್‌ಗಳಲ್ಲೇ ಆಯುಷ್ಯ ಕಳೆದವರು. ಅವರು ಏರ್ ಕ್ಲೀನರ್ ಬಿಚ್ಚಿ, “ಇದನ್ನ ಹೊಸತು ಅಂದವ್ರು ಯಾರು?” ಎಂದರು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಮುಚ್ಚಳದ ಒಂದು ಸ್ಕ್ರೂ ಥ್ರೆಡ್ ಹೋಗಿ, ತಂದೆಯವರು ಎಷ್ಟೋ ವರ್ಷಗಳ ಹಿಂದೆ ಅಲ್ಲಿ ದಪ್ಪ ತಲೆಯ ಹಿತ್ತಾಳೆಯ ಸ್ಕ್ರೂ ಹಾಕಿಸಿದ್ದರು. ಅದೇ ಹಿತ್ತಾಳೆಯ ಸ್ಕ್ರೂ, ಪೆಟ್ರೋಲಿನಲ್ಲಿ ತೊಳೆದು ಉಜ್ಜಿದ್ದರಿಂದ ಹಿಂದೆಂದಿಗಿಂತ ಹೆಚ್ಚು ಹೊಳೆಯುತ್ತ, ನನ್ನ ಮುಂದಿತ್ತು. ಒಂಬತ್ತು ಸಾವಿರ ಕೊಟ್ಟು ನಾನು ನಮ್ಮದೇ ಕಾರ್ಬುರೇಟರನ್ನು ಕೊಂಡಿದ್ದೆ. ಆ ಹಿರಿಯರು ನಗಲಿಲ್ಲ. ನಕ್ಕಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

ಅಲ್ಲಿಂದಲೇ ಫೋನ್ ಮಾಡಿದೆ. “ಬಾಡಿ ಹೊಸದು ಭಟ್ರೆ, ಮುಚ್ಚಳ ಮಾತ್ರ ನಿಮ್ದೇ ಹಾಕಿದ್ದು, ಒರಿಜಿನಲ್ ಅಲ್ವಾ ಅಂತ” ಎಂದ. ಹಾಗಾದರೆ ಹಳೆಯ ಬಾಡಿ ಎಲ್ಲಿ ಎಂದರೆ, “ಗುಜರಿಗೆ ಹೋಯ್ತು” ಎಂದ. ಮುಂಬೈಯಿಂದ ತರಿಸಿದ ಬಿಲ್ ಕಳಿಸು ಎಂದರೆ, “ಹಳೆ ಗಾಡಿ ಇಟ್ಕೊಂಡವ್ರು ಇಷ್ಟೆಲ್ಲ ಲೆಕ್ಕ ಹಾಕ್ಬಾರ್ದು ಮಾರಾಯ್ರೆ” ಎಂದು ಫೋನ್ ಇಟ್ಟ. ಮತ್ತೆ ಮಾಡಿದಾಗ ಎತ್ತಿದವನು ಅವನ ಹುಡುಗ. “ಸಾವ್ಕಾರ್ರು ಊಟಕ್ಕೆ ಹೋಗಿದ್ರು” ಎಂದ. ಸಂಜೆಯವರೆಗೂ ಆ ಊಟ ಮುಗಿಯಲಿಲ್ಲ.

ನಿಜವಾದ ದೋಷ ಇನ್ನೂರು ರೂಪಾಯಿಗೂ ಕಡಿಮೆ ಬೆಲೆಯ ಕಂಡೆನ್ಸರಿನಲ್ಲಿತ್ತು, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಜೋಡಿಸಿದ ಪುಟ್ಟ ಬಿಡಿಭಾಗದಲ್ಲಿ. ಹಿರಿಯರು ಕಾರಿನಲ್ಲಿ ನನ್ನೊಡನೆ ಘಟ್ಟ ಇಳಿದು ಮತ್ತೆ ಏರಿ, ಎಂಜಿನ್ ನಿಂತ ಕೂಡಲೇ, ಬಿಸಿ ಆರುವ ಮೊದಲು, ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರನ್ನು ಕಿತ್ತು, ತುದಿಯನ್ನು ಎಂಜಿನ್ನಿನ ಲೋಹದ ಹತ್ತಿರ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ನೀಲಿಯಾಗಿ ಚಟಚಟನೆ ಹಾರಬೇಕಾದ ಕಿಡಿ ಹಳದಿಯಾಗಿ, ಸೋತಂತೆ ಬರುತ್ತಿತ್ತು. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟ್ ಸುಟ್ಟು ಕಪ್ಪಾಗಿತ್ತು. ಕಂಡೆನ್ಸರಿನೊಳಗಿನ ನಿರೋಧಕ ಪದರ ಕಾದಾಗ ಕೈಕೊಟ್ಟರೆ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬಲವಾದ ಕಿಡಿ ಕೊಡಲಾರದು, ತಣ್ಣಗಾದರೆ ಮತ್ತೆ ಸರಿಯಾಗುತ್ತದೆ. ಕಂಡೆನ್ಸರ್, ಪಾಯಿಂಟ್ ಎರಡನ್ನೂ ಬದಲಿಸಿ, ಪಾಯಿಂಟಿನ ಅಂತರ ಹೊಂದಿಸಿದ ಮೇಲೆ ಕಾರು ದೇವಿಮನೆಯನ್ನು ನಿಲ್ಲದೆ ಏರುತ್ತಿದೆ.

ನಿಮ್ಮ ಕಾರು ಬಿಸಿಯಾದಾಗ ನಿಲ್ಲುತ್ತಿದ್ದರೆ ನಿಂತಲ್ಲಿಯೇ ಮೊದಲು ಕಿಡಿ ನೋಡಿಸಿ, ಆಮೇಲೆ ಪೆಟ್ರೋಲ್ ನೋಡಿಸಿ. ಗೇಜಿನ ಅಳತೆ ಕಣ್ಣಿಗೆ ಕಾಣದೆ ಎಂಜಿನ್ ಇಳಿಸಲು ಒಪ್ಪಲೇಬೇಡಿ. ಬಿಚ್ಚಿದ ಹಳೆಯ ಸಾಮಾನು ನನ್ನ ಕೈಗೆ ಬರಬೇಕೆಂದು ಕೆಲಸ ಹಿಡಿಯುವ ಮೊದಲೇ ಹೇಳಿ, ಗ್ಯಾರೇಜಿನ ಹೆಸರಿರುವ ಬಿಲ್ ಕೇಳಿ. ನನ್ನ ಕೈಯಲ್ಲಿರುವುದು ನೋಟ್‌ಬುಕ್ಕಿನಿಂದ ಹರಿದ ಹಾಳೆ. ‘ಕಾರ್ಬುರೇಟರ್ ಹೊಸದು 1’ ಎಂದು ಅವನದೇ ಅಕ್ಷರದಲ್ಲಿದೆ, ಸಹಿ ಇಲ್ಲ. ಅದನ್ನೂ, ಆ ಸ್ಕ್ರೂವಿನ ಫೋಟೋವನ್ನೂ ಇಟ್ಟುಕೊಂಡು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇದನ್ನು ತಿಳಿಸಿದಾಗ ಅವನು ಹೇಳಿದ್ದು ಇಷ್ಟೇ: “ಬರೀರಿ. ಬೋರಿಂಗ್ ಮಾಡ್ಸುದಿದ್ರೆ ಮಾತ್ರ ಮಳೆಗಾಲಕ್ಕೆ ಮುಂಚೆ ಬನ್ನಿ.”