ಕಾಸರಗೋಡಿನ ಒಂದು ಹಲ್ಲಿನ ಕ್ಲಿನಿಕ್: ವೇಪ್ (ಇ-ಸಿಗರೇಟು) ಎಳೆಯುವ ಹುಡುಗರಿರುವ ಮನೆಯವರಿಗೆ

ಹಲ್ಲು ನೋವು ಬಂದರೆ ನಮ್ಮ ಕಡೆಯವರು ಮೊದಲು ಮಂಗಳೂರಿನ ಬಸ್ಸು ಹುಡುಕುತ್ತಾರೆ. ತಲಪಾಡಿಯ ಗಡಿ ದಾಟಿದರೆ ಸಾಕು, ಡಾಕ್ಟ್ರು ಒಳ್ಳೆಯವರೇ ಆಗಿರುತ್ತಾರೆ ಅಂತ ಒಂದು ನಂಬಿಕೆ. ಹೆದ್ದಾರಿಯ ಧೂಳು ಕುಡಿದುಕೊಂಡು ಅಷ್ಟು ದೂರ ಯಾಕೆ ಅಂತ ಈ ಸಲ ಕಾಸರಗೋಡು ಪೇಟೆಯಲ್ಲೇ ಒಂದು ಕ್ಲಿನಿಕ್ಕಿಗೆ ಹೋದೆವು. ಹೊಸ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಹೆಸರು ಮಾತ್ರ ಹಾಕುವುದಿಲ್ಲ. ಬೈಯುವ ಮಾತೂ ಇದೆ, ಜೊತೆಗೆ ಅಕ್ಕನ ಮಗನ ವಿಷಯವೂ ಇದೆ. ಬರೆಯಲು ಅವನು ಒಪ್ಪಿದ್ದಾನೆ. ಆದರೂ ಊರು ಸಣ್ಣದು, ಅಲ್ವಾ?

ಹುಡುಗನಿಗೆ ದುಬೈಯಲ್ಲಿ ಮೊಬೈಲ್ ಅಂಗಡಿಯ ಕೆಲಸ. ರಜೆಗೆ ಬಂದವನ ಬುದ್ಧಿಹಲ್ಲಿನ ಸುತ್ತ ಬಾತು, ಗಂಜಿ ಕುಡಿಯುವಷ್ಟು ಬಾಯಿ ತೆರೆಯುವುದೂ ಕಷ್ಟವಾಗಿತ್ತು.

ಮೊದಲು ಬೈಗುಳ ಮುಗಿಸುತ್ತೇನೆ. ಕ್ಲಿನಿಕ್ ಮೇಲಿನ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿದೆ. ಹತ್ತೂವರೆಗೆ ಬರಲು ಹೇಳಿ ಒಳಗೆ ಕರೆದಾಗ ಹನ್ನೆರಡು ಆಗುತ್ತಾ ಬಂದಿತ್ತು. ಕೌಂಟರಿನ ಹುಡುಗಿ ಒಳ್ಳೆಯವಳೇ, ಆದರೆ ಯಾರಿಗೆ ಏನು ತೊಂದರೆ ಅಂತ ಇಡೀ ಹಾಲಿಗೆ ಕೇಳುವ ಹಾಗೆ ವಿಚಾರಿಸುತ್ತಾಳೆ. ಬಾಯಿ ವಾಸನೆ ಅಂತ ಬಂದಿದ್ದ ಒಬ್ಬರ ಮುಖ ನೋಡಲಾಗಲಿಲ್ಲ. ಗೋಡೆ ತುಂಬಾ ಹಲ್ಲು ಬಿಳಿ ಮಾಡುವ ಪ್ಯಾಕೇಜಿನ ಜಾಹೀರಾತು.

ಇನ್ನು ಫಾರ್ಮ್. ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ವಯಸ್ಸಾದವರು ಏನು ಮಾಡಬೇಕು? ಕೇಳಿದೆ. ‘ನಾನು ಓದಿ ಹೇಳ್ತೇನೆ ಟೀಚರೇ’ ಅಂದಳು ಹುಡುಗಿ. ಮತ್ತೆ ಅದೇ ದೊಡ್ಡ ಸ್ವರದಲ್ಲಿ! ಆ ಫಾರ್ಮಿನಲ್ಲಿ ಇನ್ನೊಂದು ದೊಡ್ಡ ಕೊರತೆ ಇದೆ. ಬೀಡಿ, ಸಿಗರೇಟು, ಎಲೆಅಡಿಕೆ, ಪಾನ್ ಮಸಾಲೆ, ಕುಡಿತ, ಎಲ್ಲಕ್ಕೂ ಚೌಕ ಇದೆ. ವೇಪಿಗೆ ಇಲ್ಲ. ನಮ್ಮ ಹುಡುಗ ಎಲ್ಲದಕ್ಕೂ ‘ಇಲ್ಲ’ ಅಂತ ಗುರುತು ಹಾಕಿದ. ಸುಳ್ಳೇನೂ ಅಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದ.

ಆದರೆ ಡಾಕ್ಟ್ರು ಫಾರ್ಮನ್ನೇ ನೆಚ್ಚಿಕೊಂಡವರಲ್ಲ. ಈ ಕ್ಲಿನಿಕ್ಕಿನ ಬಗ್ಗೆ ಬರೆಯಲು ಕೂತದ್ದೇ ಅದಕ್ಕಾಗಿ. ಚಿಕ್ಕ ವಯಸ್ಸಿನ ಹೆಂಗಸು, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ನಡುವೆ ತುಳುವೂ ಬರುತ್ತದೆ. ಬಾಯಿ ನೋಡಿದರು, ಕನ್ನಡಿ ಕೆಳಗಿಟ್ಟರು. ‘ಟೀಚರ್, ಐದು ನಿಮಿಷ ಹೊರಗೆ ಕೂತುಕೊಳ್ಳಿ’ ಅಂದರು. ನನಗೆ ಸಿಟ್ಟು ಬಂತು. ಬಿಲ್ಲು ಕೊಡುವವಳು ನಾನು, ಹೊರಗೆ ಕೂರಬೇಕಾದವಳೂ ನಾನಾ? ಆದರೆ ನನ್ನ ಮುಂದೆ ಕೇಳಿದ್ದರೆ ಅವನು ಮತ್ತೊಮ್ಮೆ ‘ಇಲ್ಲ’ ಅನ್ನುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಾಗಿಲು ತೆರೆದು ‘ಚಿಕ್ಕಮ್ಮ, ಒಳಗೆ ಬನ್ನಿ’ ಅಂದ. ವೇಪ್ ಎಳೆಯುವ ವಿಷಯ ಅವನ ಬಾಯಿಂದಲೇ ಬಂತು. ಮಾವಿನಹಣ್ಣಿನ ರುಚಿಯದಂತೆ, ತಣ್ಣಗಿರುತ್ತದಂತೆ. ‘ಬರೀ ನೀರಿನ ಆವಿ’ ಅಂತ ನನಗೆ ಸಮಾಧಾನ ಬೇರೆ.

ಡಾಕ್ಟ್ರು ಮೊದಲು ಹಿಡಿದದ್ದು ಆ ಮಾತನ್ನೇ. ನೀರಿನ ಆವಿ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ರುಚಿ ಕೊಡುವ ರಾಸಾಯನಿಕಗಳು, ಇವೆಲ್ಲ ಕಾದು ಮಂಜಿನ ಹಾಗೆ ಬಾಯೊಳಗೆ ಹೋಗುತ್ತವೆ. ಮೊದಲನೆಯದಕ್ಕೆ ನೀರು ಹೀರುವ ಗುಣ ಇದೆ, ಬಾಯಿ ಒಣಗುತ್ತದೆ. ತಿಂದ ಮೇಲೆ ಬಾಯಲ್ಲಿ ಹುಟ್ಟುವ ಹುಳಿಯನ್ನು ತೊಳೆದು ತಣಿಸುವುದು ಜೊಲ್ಲು. ಅದೇ ಕಡಿಮೆಯಾದರೆ ಹಲ್ಲಿಗೆ ಕಾವಲು ಯಾರು? ಗ್ಲಿಸರಿನ್ ಅಂಟು ಪದಾರ್ಥ. ಅದಕ್ಕೆ ಸಿಹಿ ರುಚಿ ಸೇರಿದರೆ ಹಲ್ಲು ಕೊರೆಯುವ ಬ್ಯಾಕ್ಟೀರಿಯಾ ಹಲ್ಲಿನ ಮೇಲೆ ಸುಲಭವಾಗಿ ಮನೆ ಮಾಡುತ್ತದೆ. ಬಾಯಿ ಒಣಗುತ್ತದೆ ಅಂತ ಇವನು ದಿನವಿಡೀ ಸಕ್ಕರೆ ಹಾಕಿದ, ನಿಂಬೆ ಹಿಂಡಿದ ಸುಲೈಮಾನಿ ಚಹಾ ಕುಡಿಯುತ್ತಿದ್ದನಂತೆ! ಹುಳಿಯೂ ಆಯಿತು, ಸಕ್ಕರೆಯೂ ಆಯಿತು.

ಸಣ್ಣ ಕ್ಯಾಮೆರಾ ಬಾಯೊಳಗೆ ಇಟ್ಟು ಪರದೆಯಲ್ಲಿ ತೋರಿಸಿದರು. ಒಸಡಿಗೆ ತಾಗುವ ಜಾಗದಲ್ಲಿ ಹಲ್ಲಿನ ಮೇಲೆ ಸೀಮೆಸುಣ್ಣದಂಥ ಬಿಳಿ ಮಚ್ಚೆಗಳು. ಅದು ಹುಳುಕಿನ ಮೊದಲ ಹಂತವಂತೆ, ಈಗಲೇ ನೋಡಿಕೊಂಡರೆ ತಡೆಯಬಹುದು. ಒಂದು ಹಲ್ಲು ಆ ಹಂತ ದಾಟಿತ್ತು. ಆಮೇಲೆ ಗುರುತು ಹಾಕಿದ ಸಣ್ಣ ಕಡ್ಡಿ ಇಟ್ಟು ಒಸಡು ಅಳೆದರು. ಹಲ್ಲಿಗೂ ಒಸಡಿಗೂ ನಡುವಿನ ಸಂದು 3 ಮಿಲಿಮೀಟರ್ ವರೆಗೆ ಇದ್ದರೆ ಸರಿ. ಇವನಿಗೆ ಹಿಂದಿನ ಹಲ್ಲುಗಳಲ್ಲಿ 5 ಇತ್ತು.

‘ಬ್ರಷ್ ಮಾಡುವಾಗ ರಕ್ತವೇ ಬರುವುದಿಲ್ಲವಲ್ಲ’ ಅಂದ ಹುಡುಗ. ಡಾಕ್ಟ್ರ ಉತ್ತರ ಎಲ್ಲರೂ ಕೇಳಬೇಕಾದ್ದು. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಸಡಿಗೆ ರಕ್ತ ಕಡಿಮೆ ಹರಿಯುತ್ತದೆ. ಹಾಗಾಗಿ ಒಸಡು ಹಾಳಾಗುತ್ತಿದ್ದರೂ ಕೆಂಪಾಗುವುದಿಲ್ಲ, ರಕ್ತ ಜಾಸ್ತಿ ಬರುವುದಿಲ್ಲ. ಕಾಯಿಲೆ ಬಂದ ಗುರುತೇ ಮುಚ್ಚಿಹೋಗುತ್ತದೆ. ನಮ್ಮದು ಅಡಿಕೆ ತೋಟದ ಊರು. ಎಲೆಅಡಿಕೆ ಹಾಕುವವರ ಬಾಯಿ ದೂರದಿಂದಲೇ ಗೊತ್ತಾಗುತ್ತದೆ. ಇವನ ಹಲ್ಲು ನೋಡಿದರೆ ಬೆಳ್ಳಗೆ, ಬಾಯಲ್ಲಿ ವಾಸನೆ ಇಲ್ಲ. ಮನೆಯಲ್ಲಿ ಯಾರಿಗೆ ಗೊತ್ತಾಗಬೇಕು?

ಬುದ್ಧಿಹಲ್ಲನ್ನು ಅಂದೇ ಕೀಳಲಿಲ್ಲ. ಅದೂ ನನಗೆ ಹಿಡಿಸಿತು. ಒಸಡಿನ ಅಡಿ ತೊಳೆದರು, ಮಾತ್ರೆ ಬರೆದರು, ಬಾವು ಇಳಿದ ಮೇಲೆ ಬರಲು ಹೇಳಿದರು. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲಬೇಕು. ವೇಪ್ ಜೋರಾಗಿ ಎಳೆದರೆ ಆ ಹೆಪ್ಪು ಕಿತ್ತು ಬರಬಹುದು, ನಿಕೋಟಿನ್‌ನಿಂದ ಗಾಯ ಮಾಯುವುದೂ ನಿಧಾನ. ಮೂಳೆ ತೆರೆದುಕೊಂಡರೆ ಆ ನೋವು ಕಿವಿಯವರೆಗೂ ಹೋಗುತ್ತದೆ. ‘ಕನಿಷ್ಠ ಮೂರು ದಿನ, ವಾರ ಬಿಟ್ಟರೆ ಇನ್ನೂ ಒಳ್ಳೆಯದು’ ಅಂದರು. ಶ್ವಾಸಕೋಶ, ಕ್ಯಾನ್ಸರ್ ಅಂತ ಭಾಷಣ ಮಾಡಲಿಲ್ಲ. ಹುಡುಗ ಹೆದರಿದ್ದು ಈ ನೋವಿನ ವಿವರಣೆಗೆ. ಬಿಡುವ ಮನಸ್ಸಿದ್ದರೆ ಅಂತ ಸರ್ಕಾರದ ಉಚಿತ ಸಹಾಯವಾಣಿ 1800 11 2356 ಬರೆದುಕೊಟ್ಟರು, ಅದು ತಂಬಾಕು ಬಿಡುವವರಿಗೆ ಇರುವ ಫೋನು.

ಮನೆಗೆ ಬಂದು ನಾನೂ ಸ್ವಲ್ಪ ಓದಿದೆ, ಟೀಚರ್ ಬುದ್ಧಿ ಬಿಡಬೇಕಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಹಲ್ಲಿನ ಆಸ್ಪತ್ರೆಗೆ ಬಂದ 13,000ಕ್ಕೂ ಜಾಸ್ತಿ ಜನರ ದಾಖಲೆ ನೋಡಿ 2022ರಲ್ಲಿ ಒಂದು ವರದಿ ಬಂದಿದೆ. ವೇಪ್ ಎಳೆಯುವವರಲ್ಲಿ ಶೇ. 79ರಷ್ಟು ಮಂದಿಗೆ ಹುಳುಕಿನ ಅಪಾಯ ಹೆಚ್ಚು, ಉಳಿದವರಲ್ಲಿ ಸುಮಾರು ಶೇ. 60. ಅಷ್ಟು ಜನರಲ್ಲಿ ವೇಪ್ ಎಳೆಯುವವರು 91 ಮಂದಿ ಮಾತ್ರ. ಹಲ್ಲಿನ ಆಸ್ಪತ್ರೆಗೆ ಬರುವವರ ಹಲ್ಲು ಮೊದಲೇ ಕೆಟ್ಟಿರುತ್ತದೆ ಅನ್ನುವುದೂ ನಿಜ. ಹಾಗಾಗಿ ವೇಪೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ನನಗೆ ಜಾಸ್ತಿ ಕಳವಳವಾದದ್ದು 2020ರ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಯನ ಓದಿ. ಆರೋಗ್ಯವಾಗಿಯೇ ಕಾಣುವ ಹರೆಯದವರು, ವೇಪ್ ಶುರು ಮಾಡಿ ವರ್ಷವೂ ತುಂಬದವರು ಕೂಡ ಅದರಲ್ಲಿದ್ದರು. ಆದರೆ ಅವರ ಒಸಡಿನ ಅಡಿಯ ಬ್ಯಾಕ್ಟೀರಿಯಾ ಒಸಡಿನ ಕಾಯಿಲೆ ಇರುವವರದ್ದನ್ನು ಹೋಲುತ್ತಿತ್ತು.

ಕಾನೂನಿನ ವಿಷಯ ಗಲ್ಫಿನಿಂದ ಬರುವ ಹುಡುಗರಿಗೆ ಸರಿಯಾಗಿ ಗೊತ್ತಿಲ್ಲ. 2019ರಲ್ಲಿ ಯುಎಇ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಭಾರತ ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಈ ಮಹಾರಾಯ ಅದನ್ನು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಿದ್ದ! ಅಕ್ಕನಿಗೆ ಈ ಭಾಗ ಇನ್ನೂ ಹೇಳಿಲ್ಲ, ಓದಿದರೆ ಓದಲಿ.

ಬಿಲ್ಲು ನ್ಯಾಯವಾಗಿಯೇ ಇತ್ತು. ನೋಡುವುದಕ್ಕೆ 300, ಕ್ಲೀನಿಂಗಿಗೆ 1,200, ಒಂದು ಹಲ್ಲು ತುಂಬಿಸಲು 1,000 ರೂಪಾಯಿ. ಬುದ್ಧಿಹಲ್ಲಿನ ಲೆಕ್ಕ ಬೇರೆ, ಎಕ್ಸ್‌ರೇ ನೋಡಿದ ಮೇಲೆ ಹೇಳುತ್ತಾರೆ. ಕೌಂಟರಿನಲ್ಲಿ ಬಿಳಿ ಮಾಡುವ ಪ್ಯಾಕೇಜು ತೆಗೆದುಕೊಳ್ಳಿ ಅಂತ ಒತ್ತಾಯ ಇತ್ತು. ಒಳಗೆ ಕೇಳಿದರೆ ಡಾಕ್ಟ್ರೇ ‘ಒಸಡು ಸರಿಯಾಗುವವರೆಗೆ ಬೇಡ’ ಅಂದರು. ಅವರು ಹೇಳಿದ ಆರೈಕೆಗೆ ಖರ್ಚೇ ಇಲ್ಲ. ಫ್ಲೋರೈಡ್ ಇರುವ ಪೇಸ್ಟ್ ತೆಗೆದುಕೊಳ್ಳಬೇಕು, ಹರ್ಬಲ್ ಅಂತ ಬರೆದ ಬಹಳಷ್ಟರಲ್ಲಿ ಅದು ಇರುವುದಿಲ್ಲ. ರಾತ್ರಿ ಬ್ರಷ್ ಮಾಡಿ ಉಗುಳಬೇಕು, ಬಾಯಿ ಮುಕ್ಕಳಿಸಬಾರದು. ಸುಲೈಮಾನಿ ಬದಲು ಬರೀ ನೀರು. ಬ್ರಷ್ ಆದ ಮೇಲೆ ಹಾಸಿಗೆಯಲ್ಲಿ ಮಲಗಿ ವೇಪ್ ಎಳೆಯುವುದಂತೂ ಕೂಡದು, ರಾತ್ರಿ ಜೊಲ್ಲು ಮೊದಲೇ ಕಡಿಮೆ.

ಡಾಕ್ಟ್ರಿಗೆ ಹತ್ತಕ್ಕೆ ಒಂಬತ್ತು, ಕ್ಲಿನಿಕ್ಕಿಗೆ ಆರು. ಫಾರ್ಮಿಗೆ ನಾನು ಮಾರ್ಕು ಕೊಡುವುದಿಲ್ಲ, ಮತ್ತೆ ಬರೆದು ತರಲಿ. ಕನ್ನಡದಲ್ಲಿ ಬರೆದುಕೊಡಲು ನಾನು ತಯಾರಿದ್ದೇನೆ, ದುಡ್ಡು ಬೇಡ, ವೇಪಿಗೆ ಒಂದು ಚೌಕ ಇಟ್ಟರೆ ಸಾಕು. ಹೋಗುವವರು ಸಂಜೆ ನಾಲ್ಕರ ಮೇಲೆ ಹೋಗಿ, ರಶ್ಶು ಕಡಿಮೆ. ಮಂಡಿ ನೋವಿರುವವರು ಮೊದಲೇ ಫೋನ್ ಮಾಡಿ ಮೆಟ್ಟಿಲಿನ ವಿಷಯ ಹೇಳಿ, ಕೆಳಗಿನ ಅಂಗಡಿಯವರು ಕುರ್ಚಿ ಕೊಡುತ್ತಾರೆ, ಸರದಿ ಬಂದಾಗ ಮೇಲಿನಿಂದ ಕರೆಯುತ್ತಾರೆ. ಮಗನನ್ನೋ ಮೊಮ್ಮಗನನ್ನೋ ಕರೆದುಕೊಂಡು ಹೋಗುವವರಿದ್ದರೆ, ಡಾಕ್ಟ್ರು ಹೊರಗೆ ಕೂರಿ ಅಂದಾಗ ಸುಮ್ನೆ ಎದ್ದು ಹೋಗಿ.