ನೆಕ್ಸ್ಟ್‌ಸ್ಟ್ರೇನ್: ಕೊರೊನಾ ರೂಪಾಂತರಗಳ ವಂಶವೃಕ್ಷ ತೋರಿಸುವ ಜಾಲತಾಣ

ವಿಜಯಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ವಿಕಾಸದ ಪಾಠಕ್ಕಾಗಿ ನೆಕ್ಸ್ಟ್‌ಸ್ಟ್ರೇನ್ ಜಾಲತಾಣವನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಅಮೆರಿಕದ ಟ್ರೆವರ್ ಬೆಡ್‌ಫೋರ್ಡ್ ಹಾಗೂ ಸ್ವಿಟ್ಜರ್ಲೆಂಡಿನ ರಿಚರ್ಡ್ ನೆಹರ್ ಅವರ ತಂಡಗಳು ಕಟ್ಟಿದ ಈ ತಾಣವನ್ನು ನೋಡಲು ಖಾತೆಯೂ ಬೇಡ, ಶುಲ್ಕವೂ ಇಲ್ಲ.

ಪರದೆಯ ಮೇಲೆ ವಂಶವೃಕ್ಷ, ಭೂಪಟ ಮತ್ತು ಸುಮಾರು 30 ಸಾವಿರ ಅಕ್ಷರಗಳಷ್ಟು ಉದ್ದದ ಜೀನೋಮಿನ, ಅಂದರೆ ವೈರಸ್ಸಿನ ಇಡೀ ಆನುವಂಶಿಕ ಬರಹದ, ಪಟ್ಟಿ ಒಟ್ಟಿಗೇ ತೆರೆದುಕೊಳ್ಳುತ್ತವೆ. ದೇಶಗಳ ಪಟ್ಟಿಯಲ್ಲಿ ಭಾರತವನ್ನು ಆರಿಸಿದರೆ ನಮ್ಮ ಸೋಂಕಿತರಿಂದ ಪಡೆದ ವೈರಸ್ ಮಾದರಿಗಳ ಚುಕ್ಕೆಗಳಷ್ಟೇ ಎದ್ದು ಕಾಣುತ್ತವೆ. ಡೆಲ್ಟಾ ಗುಂಪಿನ ಒಂದು ಚುಕ್ಕೆಯನ್ನು ಒತ್ತಿದಾಗ ಮಾದರಿ ಸಂಗ್ರಹಿಸಿದ ದಿನಾಂಕದ ಜೊತೆಗೆ ಅದರಲ್ಲಾದ ಬದಲಾವಣೆಗಳ ಪಟ್ಟಿಯೂ ಬಂತು: ವೈರಸ್ಸಿನ ಹೊರಮೈಯ ಮುಳ್ಳಾದ ಸ್ಪೈಕ್ ಪ್ರೋಟೀನಿನ 452ನೆಯ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನಿನ್ ಬಂದಿತ್ತು. ಡೆಲ್ಟಾದ ಮೂಲವಂಶ 2020ರ ಕೊನೆಯಲ್ಲಿ ಪತ್ತೆಯಾದದ್ದು ಮಹಾರಾಷ್ಟ್ರದಲ್ಲಿ ಎಂದಾಗ, ಸೊಲ್ಲಾಪುರದಲ್ಲಿ ನೆಂಟರಿರುವ ಇಂಡಿ ಕಡೆಯ ಮಕ್ಕಳು ಆ ಕವಲಿನಿಂದ ಕಣ್ಣು ಕೀಳಲಿಲ್ಲ. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ನಮ್ಮ ರಾಜ್ಯದಿಂದಲೇ ವರದಿಯಾದವು; ಆ ಓಮಿಕ್ರಾನ್ ಡೆಲ್ಟಾದ ಮಗುವಲ್ಲ, ಹಳೆಯ ಬೇರೊಂದು ಕವಲಿನಿಂದ ಪ್ರತ್ಯೇಕವಾಗಿ ಹೊರಟದ್ದು ಎಂಬುದನ್ನು ನಾನು ಎಷ್ಟು ಬಾಯಲ್ಲಿ ಹೇಳಿದ್ದರೂ ಹತ್ತದಿದ್ದದ್ದು, ಮರವನ್ನು ಕಂಡ ಕೂಡಲೇ ಅವರ ತಲೆಗೆ ಹತ್ತಿತು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಲೇಬೇಕು. ಈ ಚುಕ್ಕೆಗಳು ರೋಗಿಗಳ ಲೆಕ್ಕವಲ್ಲ. ಜೀನೋಮಿನ ಅಕ್ಷರಗಳ ಅನುಕ್ರಮ ಪತ್ತೆಯಾದ ಮಾದರಿಗಳಲ್ಲೂ ಆಯ್ದ ಕೆಲವನ್ನಷ್ಟೇ ತಾಣ ತೋರಿಸುತ್ತದೆ. ಈ ಅನುಕ್ರಮ ಪತ್ತೆಗೆಂದೇ ಇರುವ ನಮ್ಮ ದೇಶದ ಇನ್ಸಾಕಾಗ್ ಜಾಲ 10 ಪ್ರಯೋಗಾಲಯಗಳೊಂದಿಗೆ ರೂಪುಗೊಂಡದ್ದೇ ಡಿಸೆಂಬರ್ 2020ರಲ್ಲಿ. ಹೀಗಿರುವಾಗ, ದಟ್ಟವಾಗಿ ಕಾಣುವ ಕವಲನ್ನು ಹೆಚ್ಚು ಸೋಂಕು ಎಂದು ಓದಿಕೊಂಡರೆ ದಾರಿ ತಪ್ಪುತ್ತದೆ. ನನ್ನ ವಿದ್ಯಾರ್ಥಿಗಳು ಮೊದಲ ದಿನ ಮಾಡಿದ್ದೂ ಅದೇ ತಪ್ಪು, ಅದನ್ನು ತಿದ್ದಲು ಒಂದಿಡೀ ತರಗತಿ ಹಿಡಿಯಿತು.

ಭೂಪಟ ರಾಜ್ಯಮಟ್ಟಕ್ಕೇ ನಿಲ್ಲುವುದರಿಂದ ವಿಜಯಪುರವನ್ನು ಹುಡುಕಿದ ಮಕ್ಕಳಿಗೆ ನಿರಾಸೆಯಾಯಿತು. ಮೊಬೈಲಿನ ಪುಟ್ಟ ಪರದೆಯಲ್ಲಿ ಮರ ತೀರಾ ಇಕ್ಕಟ್ಟು, ಗಣಕಯಂತ್ರವೇ ಬೇಕು. ನಾನು ಬಳಸಿದ್ದು ಇಂಗ್ಲಿಷ್ ಆವೃತ್ತಿಯಾದ್ದರಿಂದ ಪದ ಪದವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಇಷ್ಟಾದರೂ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅಂತರ್ಜಾಲ ಕೈಕೊಡುವ ದಿನಗಳಿಗೆಂದು ಪುಟದ ಕೆಳಗಿನ ಸೌಲಭ್ಯದಿಂದ ಮರದ ಚಿತ್ರವನ್ನು ಇಳಿಸಿ ಮುದ್ರಿಸಿಕೊಂಡಿದ್ದೇನೆ. ಅದರ ಕವಲುಗಳಿಗೆ ಮಕ್ಕಳೇ ಕನ್ನಡದಲ್ಲಿ ಹೆಸರು ಬರೆದಿದ್ದಾರೆ.