ಸೋಲ್‌ನ ಬಾರ್ಬೆಕ್ಯೂ ಹೋಟೆಲುಗಳು: ಮೊದಲು ಕೆಂಡ ನೋಡಿ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಮಾಪೊ ಎಂಬ ಭಾಗದ ಕಡೆ ಇದ್ದಿಲೊಲೆಯ ಹೋಟೆಲುಗಳಿಗೇ ನಮ್ಮ ಓಟು. ಇದ್ದಿಲಿನ ಶಾಖ ಬಿರುಸು, ಹೊಗೆಯ ಘಮವೂ ಮಾಂಸಕ್ಕೆ ಹತ್ತುತ್ತದೆ. ಗ್ಯಾಸಿಗೆ ಅದು ಬಾರದು. ಒಂದು ಪಾಲು ಸಾಮಾನ್ಯವಾಗಿ 150ರಿಂದ 200 ಗ್ರಾಂ. ಕನಿಷ್ಠ ಎರಡು ಪಾಲು ಹೇಳಲೇಬೇಕೆನ್ನುವ ಕಡೆಗಳು ಬಹಳ, ಹಾಗಾಗಿ ಒಂಟಿಯಾಗಿ ಹೋದರೆ ಜೇಬಿಗೆ ಭಾರ.

ಮಸಾಲೆ ಹಚ್ಚದ ಹಂದಿಯ ಹೊಟ್ಟೆಭಾಗದ ಮಾಂಸ, ಅಂದರೆ ಸಾಮ್‌ಗ್ಯೊಪ್ಸಲ್, ಮೊದಲು ತರಿಸಿ, ಗಾಲ್ಬಿ, ಅಂದರೆ ಪಕ್ಕೆಲುಬಿನ ಮಾಂಸ, ಆಮೇಲೆ. ಗಾಲ್ಬಿಗೆ ಸೋಯಾ ಸಾಸ್, ಸಕ್ಕರೆ, ಪೇರ್ ಹಣ್ಣಿನ ರಸ ಹಾಕಿ ನೆನೆಸಿರುತ್ತಾರೆ. ಆ ಸಿಹಿ ಬೇಗ ಸೀದು ಜಾಲರಿಗೆ ಅಂಟುತ್ತದೆ, ಆಮೇಲೆ ಹಾಕಿದ್ದೆಲ್ಲ ಕಹಿ. ಆಗಾಗ ಮಗುಚಿ, ಜಾಲರಿ ಕಪ್ಪಾದರೆ ಬದಲಿಸಿಕೊಡಿ ಅನ್ನಿ, ಸಂಕೋಚ ಬೇಡ. ದಪ್ಪ ಸಾಮ್‌ಗ್ಯೊಪ್ಸಲ್ ಎರಡೂ ಬದಿ ಹೊಂಬಣ್ಣಕ್ಕೆ ತಿರುಗಿದ ಮೇಲಷ್ಟೇ ಕತ್ತರಿ ಹಾಕಿ, ಮುಂಚೆಯೇ ಕತ್ತರಿಸಿದರೆ ರಸ ಸೋರಿ ಒಣಗುತ್ತದೆ. ಹಸಿ ಮಾಂಸ ಹಿಡಿದ ಇಕ್ಕಳದಲ್ಲಿ ಬೆಂದದ್ದನ್ನು ಎತ್ತಬೇಡಿ.

ಲೆಟಿಸ್ ಎಲೆಯಲ್ಲಿ ಒಂದು ತುಂಡು ಮಾಂಸ, ಚೂರು ಬೆಳ್ಳುಳ್ಳಿ, ಸ್ವಲ್ಪ ಸಾಮ್‌ಜಾಂಗ್ (ಸೋಯಾ, ಮೆಣಸಿನಕಾಯಿಯ ಗಟ್ಟಿ ಚಟ್ನಿ) ಇಟ್ಟು ಮಡಚಿ ಒಂದೇ ತುತ್ತಿಗೆ ತಿನ್ನಬೇಕು. ಕಿಮ್ಚಿಯಂಥ ನಂಚಿಕೆಗಳನ್ನು ಬಹುತೇಕ ಕಡೆ ಪುಕ್ಕಟೆಯಾಗಿಯೇ ಮತ್ತೆ ಬಡಿಸುತ್ತಾರೆ. ಟಿಪ್ಸ್ ಕೊಡುವ ರೂಢಿಯಿಲ್ಲ. ಹೊಗೆ ಎಳೆಯುವ ಕೊಳವೆ ಮೇಜಿನಿಂದ ತೀರಾ ಮೇಲಿದ್ದರೆ ಮಾತ್ರ ಒಳ್ಳೆಯ ಕೋಟು ತೊಟ್ಟು ಕೂರಬೇಡಿ.